ಉತ್ತರ ನಾಡಿದ್ದು ಬರುತ್ತದೆ

2024ರ ಏಪ್ರಿಲ್ 20ರಂದು ತೆಗೆದ ಒಂದು ಫೋಟೋ ಇದೆ. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಒಂದು ಮೀಟಿಂಗ್ ಕೋಣೆ. ಯಾವ ಬ್ಯಾಂಕಿನಲ್ಲೂ ಯಾವ ಕಾಲೇಜಿನಲ್ಲೂ ಇರಬಹುದಾದಂಥ ಕೋಣೆ. ಅಲ್ಲಿರುವವರು ವಿಶ್ವಕಪ್ ಗೆದ್ದವರಂತೆ ಸಂಭ್ರಮಿಸುತ್ತಿದ್ದಾರೆ. ಅವರಿಗೆ ಹೊಸ ಗ್ರಹವೇನೂ ಸಿಕ್ಕಿರಲಿಲ್ಲ, ಹೊಸ ಚಿತ್ರವೂ ಬಂದಿರಲಿಲ್ಲ. ಸುಮಾರು 2,400 ಕೋಟಿ ಕಿಲೋಮೀಟರ್ ಆಚೆ ಇರುವ ವಾಯೇಜರ್-1 ಎಂಬ ನೌಕೆ ಐದು ತಿಂಗಳಿಂದ ಅರ್ಥವಿಲ್ಲದ ಅಂಕಿಗಳನ್ನು ಕಳಿಸುತ್ತಿತ್ತು. ಅವತ್ತು ಮೊದಲ ಸಲ ತನ್ನ ಆರೋಗ್ಯ ಹೇಗಿದೆ ಎಂದು ಅರ್ಥವಾಗುವಂತೆ ಹೇಳಿತ್ತು. ಅಷ್ಟೇ. ಊರಿಗೆ ಹೋದ ಮಗ ತಲುಪಿದೆ ಎಂದು ಫೋನ್ ಮಾಡಿದಷ್ಟೇ ಸುದ್ದಿ.

ಆ ಫೋಟೋ ನೋಡಿದ ಮೇಲೆ ನಾನು ವಾಯೇಜರ್ ಬಗೆಗಿನ ಎರಡು ಸಾಕ್ಷ್ಯಚಿತ್ರಗಳನ್ನು ಮತ್ತೆ ನೋಡಿದೆ. ಒಂದು, ಐರಿಷ್ ನಿರ್ದೇಶಕಿ ಎಮರ್ ರೆನಾಲ್ಡ್ಸ್ ಅವರ 'ದ ಫಾರ್ದೆಸ್ಟ್' (2017). ಇನ್ನೊಂದು, ಬಿಲ್ಲಿ ಮಿಯೋಸಿ ಅವರ 'ಇಟ್ಸ್ ಕ್ವಯಟರ್ ಇನ್ ದ ಟ್ವೈಲೈಟ್' (2022). ಎರಡನೆಯದರ ಹೆಸರನ್ನು 'ಮುಸ್ಸಂಜೆಯಲ್ಲಿ ಸದ್ದು ಕಡಿಮೆ' ಎಂದು ಕನ್ನಡಿಸಬಹುದೇನೋ. ಎರಡೂ ಒಂದೇ ಜೋಡಿ ನೌಕೆಗಳ ಕಥೆ. ಆದರೆ ಕಥೆ ಎಂದರೇನು ಎನ್ನುವುದರಲ್ಲಿ ಇವೆರಡೂ ಬೇರೆ ದಾರಿ ಹಿಡಿಯುತ್ತವೆ. ಸಾಹಿತ್ಯದ ವಿದ್ಯಾರ್ಥಿಗಳು ಇವನ್ನು ಒಟ್ಟಿಗೆ ನೋಡಬೇಕು ಎಂದು ನಾನು ಹೇಳುವುದು ಅದಕ್ಕೇ.

ಮೊದಲು ಇಲ್ಲಿರುವ ತೊಡಕನ್ನು ಹೇಳಿಬಿಡುತ್ತೇನೆ. ನಾಟಕ ಎನ್ನುವುದು ಮಾತು ಮತ್ತು ಮರುಮಾತಿನ ಮೇಲೆ ನಿಂತಿದೆ. ಒಬ್ಬ ಕೇಳುತ್ತಾನೆ, ಇನ್ನೊಬ್ಬಳು ಉತ್ತರಿಸುತ್ತಾಳೆ, ಆ ಉತ್ತರದಿಂದ ಪರಿಸ್ಥಿತಿ ಬದಲಾಗುತ್ತದೆ. ವಾಯೇಜರ್-1ಕ್ಕೆ ಹೇಳಿದ ಮಾತು ತಲುಪಲು ಆಗ ಇಪ್ಪತ್ತೆರಡೂವರೆ ಗಂಟೆ ಬೇಕಿತ್ತು, ಉತ್ತರ ಬರಲು ಮತ್ತೆ ಅಷ್ಟೇ ಹೊತ್ತು. ಗುರುವಾರ ಏಪ್ರಿಲ್ 18ರಂದು ಕಳಿಸಿದ ಆಜ್ಞೆಗೆ ಉತ್ತರ ಸಿಕ್ಕಿದ್ದು ಶನಿವಾರ. ನಡುವೆ ಊಟ, ನಿದ್ದೆ, ಮಗಳ ಶಾಲೆ, ಮನೆಯ ಬಿಲ್ಲು ಎಲ್ಲವೂ ಇರುತ್ತವೆ. ಉತ್ತರ ಬಂದಾಗ ಅದು ಹೇಳುತ್ತಿರುವುದು ಹೆಚ್ಚುಕಡಿಮೆ ನಿನ್ನೆಯ ಸ್ಥಿತಿಯನ್ನು. ಇಂಥ ಸಂಭಾಷಣೆಗೆ ರಂಗಭೂಮಿಯಲ್ಲಾಗಲಿ ಸಿನಿಮಾದಲ್ಲಾಗಲಿ ಸಿದ್ಧ ರೂಪ ಇಲ್ಲ. ನಮ್ಮಲ್ಲಿ ಹತ್ತಿರಕ್ಕೆ ಬರುವುದು ಅಂಚೆ ಪತ್ರದ ಕಾಲದ ಗದ್ಯ, ಅದೂ ಪೂರ್ತಿ ಹೊಂದುವುದಿಲ್ಲ.

'ದ ಫಾರ್ದೆಸ್ಟ್' ಈ ತೊಡಕನ್ನು ಬಿಡಿಸಲು ಹೋಗುವುದಿಲ್ಲ, ಸುತ್ತಿಕೊಂಡು ದಾಟುತ್ತದೆ. ಅದರದು ಮಹಾಕಾವ್ಯದ ಹಾದಿ. ಗುರು, ಶನಿ, ಯುರೇನಸ್, ನೆಪ್ಚೂನ್ ಒಂದೊಂದೂ ಒಂದೊಂದು ಪರ್ವ. 1977ರಲ್ಲಿ ಹೊರಟ ನೌಕೆಗಳು 1979ರಲ್ಲಿ ಗುರುವನ್ನು ಕಂಡವು, 1980-81ರಲ್ಲಿ ಶನಿಯನ್ನು. ಮುಂದೆ ವಾಯೇಜರ್-2 ಒಂದೇ 1986ರಲ್ಲಿ ಯುರೇನಸ್ಸನ್ನೂ 1989ರಲ್ಲಿ ನೆಪ್ಚೂನನ್ನೂ ಹಾದುಹೋಯಿತು. ಚಿತ್ರ ಸುಂದರವಾಗಿದೆ, ಅದರಲ್ಲಿ ಅನುಮಾನವಿಲ್ಲ. ಹೇಳುವವರ ಕಣ್ಣಲ್ಲಿ ನಲವತ್ತು ವರ್ಷಗಳ ನಂತರವೂ ಬೆರಗು ಉಳಿದಿದೆ. ಗುರುವಿನ ಬಳಿಯ ವಿಕಿರಣ ಎಷ್ಟು ತೀವ್ರ ಎಂದು ಗೊತ್ತಾದ ಮೇಲೆ ಉಡಾವಣೆಗೆ ಮುಂಚೆ ಅಂಗಡಿಯಿಂದ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ತಂದು ಕೇಬಲ್ಲುಗಳಿಗೆ ಸುತ್ತಿದ ಪ್ರಸಂಗವನ್ನು ಕೇಳಿದವರು ಮರೆಯಲಾರರು. ಯುರೇನಸ್ ಹಾದುಹೋದ ನಾಲ್ಕೇ ದಿನಕ್ಕೆ, 1986ರ ಜನವರಿ 28ರಂದು, ಚಾಲೆಂಜರ್ ಸ್ಫೋಟಗೊಂಡು ಏಳು ಮಂದಿ ಸತ್ತರು. ಆ ಭಾಗದಲ್ಲಿ ಚಿತ್ರ ತನ್ನ ಉತ್ಸಾಹವನ್ನು ತಗ್ಗಿಸಿಕೊಳ್ಳುತ್ತದೆ, ಅದು ಒಳ್ಳೆಯ ನಿರ್ದೇಶಕಿಯ ಕೆಲಸ.

ಆದರೆ ಗ್ರಹದಿಂದ ಗ್ರಹಕ್ಕೆ ಜಿಗಿಯುವ ಕಥೆಯಲ್ಲಿ ನಡುವಿನ ವರ್ಷಗಳು ಖಾಲಿ ಅನ್ನಿಸಿಬಿಡುತ್ತವೆ. ನೌಕೆ ಸುಮ್ಮನೆ ತೇಲುತ್ತಿತ್ತು, ನಾವು ಕಾಯುತ್ತಿದ್ದೆವು ಎಂಬ ಭಾವನೆ. ವಾಸ್ತವದಲ್ಲಿ 1981ರಿಂದ 1986ರ ನಡುವಿನದೇ ಅತ್ಯಂತ ಕುತೂಹಲದ ಅಧ್ಯಾಯ. ಶನಿಯನ್ನು ಹಾದುಹೋದ ಬೆನ್ನಿಗೇ ವಾಯೇಜರ್-2ರ ಕ್ಯಾಮೆರಾಗಳನ್ನು ಹೊತ್ತ ತಿರುಗುವ ವೇದಿಕೆ ಸಿಕ್ಕಿಹಾಕಿಕೊಂಡಿತು. ಗೇರಿನ ಎಣ್ಣೆ ಜಾಗ ಬಿಟ್ಟು ಸರಿದಿತ್ತು. ಅಲ್ಲಿಗೆ ಹೋಗಿ ಎಣ್ಣೆ ಬಿಡುವಂತಿಲ್ಲವಲ್ಲ, ಇಲ್ಲಿ ಭೂಮಿಯ ಮೇಲೆ ಅಂಥದ್ದೇ ಗೇರುಗಳನ್ನು ಓಡಿಸಿ, ಕೆಡಿಸಿ, ಎಷ್ಟು ನಿಧಾನ ತಿರುಗಿಸಿದರೆ ಮತ್ತೆ ಸಿಕ್ಕಿಕೊಳ್ಳುವುದಿಲ್ಲ ಎಂದು ಕಂಡುಕೊಂಡರು. ಯುರೇನಸ್‌ನಲ್ಲಿ ಬೆಳಕು ಶನಿಯಲ್ಲಿರುವುದರ ನಾಲ್ಕನೇ ಒಂದು ಭಾಗ ಮಾತ್ರ. ಕ್ಯಾಮೆರಾ ಹೆಚ್ಚು ಹೊತ್ತು ತೆರೆದಿರಬೇಕು, ನೌಕೆಯೋ ಓಡುತ್ತಿದೆ, ಚಿತ್ರ ಮಸುಕಾಗುತ್ತದೆ. ಹಾಗಾಗಿ ಇಡೀ ನೌಕೆಯನ್ನೇ ಮೆಲ್ಲಗೆ ತಿರುಗಿಸುತ್ತಾ ಗುರಿಯನ್ನು ಹಿಂಬಾಲಿಸಲು ಕಲಿಸಿದರು. ಬದಲಿಗೆಂದು ಇಟ್ಟಿದ್ದ ಕಂಪ್ಯೂಟರಿಗೆ ಚಿತ್ರಗಳನ್ನು ಅಡಕಗೊಳಿಸುವ ಹೊಸ ಕೆಲಸ ಕೊಟ್ಟರು. ಯುರೇನಸ್ ತಲುಪಿದ ನೌಕೆ 1977ರಲ್ಲಿ ಹೊರಟ ನೌಕೆಯಾಗಿರಲಿಲ್ಲ ಎಂದರೆ ಅತಿಶಯೋಕ್ತಿಯಲ್ಲ. ಲೋಹ ಅದೇ, ಬುದ್ಧಿ ಬೇರೆ. ಮಹಾಕಾವ್ಯಕ್ಕೆ ಈ ಬದಲಾವಣೆ ಕಾಣುವುದು ಕಷ್ಟ, ಯಾಕೆಂದರೆ ಅದಕ್ಕೆ ನಾಯಕ ಮೊದಲಿನಿಂದ ಕೊನೆಯವರೆಗೆ ಅದೇ ನಾಯಕ.

ಮಿಯೋಸಿ ಕ್ಯಾಮೆರಾವನ್ನು ತಿರುಗಿಸಿ ಭೂಮಿಯ ಕಡೆ ಇಡುತ್ತಾರೆ. ಒಂದು ಕಾಲದಲ್ಲಿ ನೂರಾರು ಜನರಿದ್ದ ತಂಡ ಹನ್ನೆರಡು ಜನರಿಗೂ ಕಡಿಮೆಯಾಗಿದೆ. ಪ್ರಯೋಗಾಲಯದ ಮುಖ್ಯ ಆವರಣದ ಹೊರಗೆ ಒಂದು ಸಪ್ಪೆ ಆಫೀಸು. ಹಲವರು ನಿವೃತ್ತಿಯ ವಯಸ್ಸನ್ನು ದಾಟಿದವರು, ಕೆಲವರು ಬೇರೆ ದೇಶಗಳಿಂದ ವಲಸೆ ಬಂದವರು. ಯೋಜನಾ ವ್ಯವಸ್ಥಾಪಕಿ ಸುಝಾನ್ ಡಾಡ್ 1984ರಲ್ಲಿ ವಾಯೇಜರ್‌ಗೆ ಸೇರಿ, ಯುರೇನಸ್ ಭೇಟಿಗೆ ಆಜ್ಞೆಗಳ ಸರಣಿ ಬರೆದವರಲ್ಲಿ ಒಬ್ಬರು. ಬೇರೆಡೆ ಕೆಲಸ ಮಾಡಿ 2010ರಲ್ಲಿ ಮತ್ತೆ ಬಂದು ಈ ಹೊಣೆ ಹೊತ್ತರು.

ಚಿತ್ರದ ಉಸಿರು ಬಿಗಿಹಿಡಿಯುವ ಭಾಗ ಆಸ್ಟ್ರೇಲಿಯದ ಕ್ಯಾನ್‌ಬೆರಾದ ಆಂಟೆನಾ ಒಂದರ ರಿಪೇರಿ. ಕೇಳಿದರೆ ನಗು ಬರಬಹುದು, ಆದರೆ ಭೂಗೋಳ ಅರ್ಥವಾದರೆ ನಗು ನಿಲ್ಲುತ್ತದೆ. 1989ರಲ್ಲಿ ನೆಪ್ಚೂನಿನ ಚಂದ್ರ ಟ್ರೈಟನ್ನನ್ನು ನೋಡುವ ಆಸೆಯಿಂದ ವಾಯೇಜರ್-2ನ್ನು ನೆಪ್ಚೂನಿನ ಉತ್ತರ ಧ್ರುವದ ಮೇಲೆ ಹಾಯಿಸಿದರು. ಆ ತಿರುವಿನಿಂದ ನೌಕೆ ದಕ್ಷಿಣಕ್ಕೆ ಇಳಿಯಿತು. ಅಂದಿನಿಂದ ಅದು ಇಳಿಯುತ್ತಲೇ ಇದೆ. ಈಗ ಕ್ಯಾಲಿಫೋರ್ನಿಯಾದ ಆಂಟೆನಾಕ್ಕಾಗಲಿ ಮ್ಯಾಡ್ರಿಡ್‌ನದಕ್ಕಾಗಲಿ ಅದು ಕಾಣುವುದಿಲ್ಲ. ಇಡೀ ಭೂಮಿಯಲ್ಲಿ ಅದಕ್ಕೆ ಮಾತು ಮುಟ್ಟಿಸಬಲ್ಲದ್ದು ಕ್ಯಾನ್‌ಬೆರಾದ 70 ಮೀಟರ್ ಅಗಲದ ಡಿಎಸ್‌ಎಸ್-43 ಒಂದೇ. 2020ರ ಮಾರ್ಚಿನಿಂದ 2021ರ ಫೆಬ್ರವರಿವರೆಗೆ ಅದನ್ನು ನಿಲ್ಲಿಸಿ ದುರಸ್ತಿ ಮಾಡಿದರು. ಅಷ್ಟು ಕಾಲ ಅಲ್ಲಿನ ಸಣ್ಣ ಆಂಟೆನಾಗಳಿಂದ ನೌಕೆ ಹೇಳಿದ್ದನ್ನು ಕೇಳಬಹುದಿತ್ತು, ಮರುಮಾತು ಆಡುವಂತಿರಲಿಲ್ಲ. ಅದೇ ಜನವರಿ 25ರಂದು ವಾಯೇಜರ್-2 ವಿದ್ಯುತ್ ಬಳಕೆ ಮಿತಿಮೀರಿ ತನ್ನ ವೈಜ್ಞಾನಿಕ ಉಪಕರಣಗಳನ್ನು ತಾನೇ ಆರಿಸಿಕೊಂಡಿತ್ತು. ಆಗಿನ್ನೂ ಮಾತಾಡಲು ದಾರಿಯಿತ್ತು. ಎರಡು ತಿಂಗಳು ತಡವಾಗಿ ಆಗಿದ್ದರೆ? ಜೊತೆಗೆ ಕೋವಿಡ್. ಅಕ್ಟೋಬರ್ 29ರಂದು ಹೊಸ ಯಂತ್ರಗಳಿಂದ ಪರೀಕ್ಷೆಗೆಂದು ಆಜ್ಞೆ ಕಳಿಸಿ, ಮೂವತ್ತನಾಲ್ಕು ಗಂಟೆ ಚಿಲ್ಲರೆ ಕಾದರು. ಉತ್ತರ ಬಂತು.

ಈ ಚಿತ್ರದ ದೊಡ್ಡ ಗುಣ, ಅದು ಕಳೆಯುವ ಲೆಕ್ಕವನ್ನು ಅರ್ಥ ಮಾಡಿಕೊಂಡಿದೆ. ನೌಕೆಗಳಿಗೆ ವಿದ್ಯುತ್ ಪ್ಲುಟೋನಿಯಂನ ಶಾಖದಿಂದ ಬರುತ್ತದೆ. ಹೊರಟಾಗ ಸುಮಾರು 470 ವಾಟ್ ಇತ್ತು, ವರ್ಷಕ್ಕೆ ಸುಮಾರು 4 ವಾಟ್ ಕಡಿಮೆಯಾಗುತ್ತಾ ಬಂದಿದೆ. ಹಾಗಾಗಿ ಇವರ ಕೆಲಸ ಮುಖ್ಯವಾಗಿ ಯಾವುದನ್ನು ಆರಿಸುವುದು ಎಂದು ನಿರ್ಧರಿಸುವುದು. ಈ ವರ್ಷ ಒಂದು ಹೀಟರ್, ಬರುವ ವರ್ಷ ಇನ್ನೊಂದು. ಹೀಟರ್ ಆರಿಸಿದರೆ ಉಪಕರಣ ಚಳಿಗೆ ಸಾಯಬಹುದು, ಇಂಧನದ ಸಣ್ಣ ನಳಿಗೆ ಹೆಪ್ಪುಗಟ್ಟಿದರೆ ಆಂಟೆನಾ ಭೂಮಿಯಿಂದ ಮುಖ ತಿರುಗಿಸಬಹುದು. ಸಂಸಾರ ನಡೆಸಿದವರಿಗೆ ಈ ಲೆಕ್ಕ ಗೊತ್ತು. ಹೆಚ್ಚುತ್ತಾ ಹೋಗುವುದರ ಕಥೆ ಹೇಳಲು ನಾವೆಲ್ಲ ಪಳಗಿದ್ದೇವೆ. ಕಡಿಮೆಯಾಗುವುದನ್ನು ಅಳದೆ ಹೇಳುವುದು ಅಪರೂಪ.

ಅಳದೆ ಎಂದೆ. ಅಲ್ಲೇ ನನ್ನ ತಕರಾರೂ ಶುರುವಾಗುತ್ತದೆ. ಚಿತ್ರದ ಹೆಸರಿನಲ್ಲೇ ಮುಸ್ಸಂಜೆ ಇದೆ. ಮುದಿ ನೌಕೆ, ಮುದಿ ಎಂಜಿನಿಯರುಗಳು, ಇಬ್ಬರದೂ ಅಸ್ತಮಾನ ಎಂಬ ಹೋಲಿಕೆಗೆ ಅದು ಮತ್ತೆ ಮತ್ತೆ ಒರಗುತ್ತದೆ. ಹೋಲಿಕೆ ಮೊದಲ ಸಲ ಮನಸ್ಸಿಗೆ ತಟ್ಟುತ್ತದೆ, ಆಮೇಲೆ ಅದೇ ಒಂದು ಆರಾಮ ಕುರ್ಚಿಯಾಗಿಬಿಡುತ್ತದೆ. ನಮ್ಮ ಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಸ್ಥಾಯಿಯಾಗಬೇಕಾದದ್ದು ಉತ್ಸಾಹ, ಚಿತ್ರ ಶೋಕವನ್ನು ಸ್ಥಾಯಿ ಮಾಡಿಕೊಂಡಿದೆ. ಕರುಣರಸ ಸುಲಭಕ್ಕೆ ಸಿಕ್ಕುತ್ತದೆ, ಅದಕ್ಕೇ ಅದರ ಬಗ್ಗೆ ಎಚ್ಚರ ಬೇಕು. ನಿಜವಾದ ಆತಂಕ ಮುಪ್ಪಿನದಲ್ಲ, ತಿಳಿವಳಿಕೆ ಕೈ ದಾಟುವುದರದು. ಪ್ರತಿ ನೌಕೆಯ ಎಲ್ಲ ಕಂಪ್ಯೂಟರುಗಳ ನೆನಪು ಸೇರಿ ಸುಮಾರು 70 ಕಿಲೋಬೈಟ್. ಅದರಲ್ಲಿ ಏನು ಎಲ್ಲಿದೆ, ಯಾಕಿದೆ ಎಂದು ತಿಳಿದವರಲ್ಲಿ ಹಲವರು ಈಗಿಲ್ಲ. ಉಳಿದದ್ದು ಕಾಗದಗಳು. ಕಾಗದದಲ್ಲಿ ಬರೆದಿರುವುದು ಯಾವಾಗಲೂ ಮಾಡಿದ್ದನ್ನು, ಯಾಕೆ ಮಾಡಿದೆವು ಎಂಬುದನ್ನು ಅಷ್ಟಾಗಿ ಅಲ್ಲ.

ಎರಡನೆಯ ತಕರಾರು ಎರಡೂ ಚಿತ್ರಗಳಿಗೆ ಸೇರಿದ್ದು. ಇವುಗಳಲ್ಲಿ ತಪ್ಪಿಗೆ ಸಲ್ಲಬೇಕಾದಷ್ಟು ಜಾಗ ಇಲ್ಲ. ಯಂತ್ರದ ತಪ್ಪಲ್ಲ, ಮನುಷ್ಯರ ತಪ್ಪು. ಭೂಮಿಯಿಂದ ಒಂದು ವಾರ ಯಾವ ಆಜ್ಞೆಯೂ ಬರದಿದ್ದರೆ ತನ್ನ ಕಿವಿಯೇ ಕೆಟ್ಟಿದೆ ಎಂದು ತಿಳಿದು ಬದಲಿ ರಿಸೀವರಿಗೆ ಹೋಗಬೇಕು ಎಂದು ವಾಯೇಜರ್-2ಕ್ಕೆ ಹೇಳಿಕೊಡಲಾಗಿತ್ತು. 1978ರ ಏಪ್ರಿಲಿನಲ್ಲಿ ಇಲ್ಲಿಂದ ಒಂದು ವಾರ ಆಜ್ಞೆ ಹೋಗಲಿಲ್ಲ. ನೌಕೆ ಹೇಳಿಕೊಟ್ಟಂತೆ ಬದಲಿಗೆ ಹೋಯಿತು. ಬದಲಿಯಲ್ಲಿ ಒಂದು ಕೆಪಾಸಿಟರ್ ಕೆಟ್ಟಿತ್ತು. ಮತ್ತೆ ಮೊದಲಿನದಕ್ಕೆ ಬಂದರೆ ಅದು ಅರ್ಧ ಗಂಟೆಯಲ್ಲಿ ಪೂರ್ತಿ ಹೋಯಿತು. ಅಂದಿನಿಂದ ಇಂದಿನವರೆಗೆ ವಾಯೇಜರ್-2ಕ್ಕೆ ಅರೆಗಿವುಡು. ಅದು ಒಂದೇ ಒಂದು ಸಣ್ಣ ಶ್ರುತಿಯಲ್ಲಿ ಮಾತ್ರ ಕೇಳಿಸಿಕೊಳ್ಳುತ್ತದೆ, ನೌಕೆಯ ಒಳಗಿನ ತಾಪಮಾನ ಸ್ವಲ್ಪ ಬದಲಾದರೆ ಆ ಶ್ರುತಿಯೂ ಜರುಗುತ್ತದೆ. ಹಾಡುವವರು ಅದೆಲ್ಲಿದೆ ಎಂದು ಲೆಕ್ಕ ಹಾಕಿ ಅಲ್ಲಿಗೇ ಹಾಡಬೇಕು. ಗುರುವಿನಿಂದ ಆಚೆಗೆ ನಡೆದ ಎಲ್ಲ ವೈಭವವೂ ಈ ಒಂದು ಮರೆವಿನ ಮೇಲೆ ಕಟ್ಟಿದ್ದು.

ಎರಡನೆಯ ಚಿತ್ರ ಬಿಡುಗಡೆಯಾದ ಮರುವರ್ಷ, 2023ರ ಜುಲೈ 21ರಂದು, ಕಳಿಸಿದ ಆಜ್ಞೆಗಳಲ್ಲಿ ತಪ್ಪಾಗಿ ವಾಯೇಜರ್-2ರ ಆಂಟೆನಾ ಭೂಮಿಯಿಂದ ಎರಡು ಡಿಗ್ರಿ ಅತ್ತ ತಿರುಗಿತು. ಎರಡೇ ಡಿಗ್ರಿ. ಮಾತು ನಿಂತಿತು. ಅಕ್ಟೋಬರ್ 15ಕ್ಕೆ ನೌಕೆ ತಾನಾಗಿ ದಿಕ್ಕು ಸರಿಪಡಿಸಿಕೊಳ್ಳುವ ಏರ್ಪಾಡು ಮೊದಲೇ ಇತ್ತು, ಅಲ್ಲಿಯವರೆಗೆ ಕಾಯಬಹುದಿತ್ತು. ಕಾಯದೆ ಕ್ಯಾನ್‌ಬೆರಾದಿಂದ ಪೂರ್ಣ ಶಕ್ತಿಯಲ್ಲಿ ಕೂಗಿದರು. ಹದಿನೆಂಟೂವರೆ ಗಂಟೆ ಹೋಗಲು, ಹದಿನೆಂಟೂವರೆ ಗಂಟೆ ಬರಲು. ಆಗಸ್ಟ್ 4ರಂದು ಉತ್ತರ ಬಂತು. ಆ ಎರಡು ವಾರಗಳ ಚಿತ್ರವನ್ನು ಯಾರಾದರೂ ತೆಗೆದಿದ್ದರೆ! ಆಜ್ಞೆ ಬರೆದವರು ಯಾರು ಎಂದು ನನಗೆ ಗೊತ್ತಾಗಬೇಕಿಲ್ಲ, ಹೆಸರು ಹೇಳದಿದ್ದುದೇ ಸರಿ. ಆದರೆ ಆ ಮೇಜಿನ ಸುತ್ತ ಕುಳಿತವರು ಪರಸ್ಪರ ಹೇಗೆ ಮಾತಾಡಿಕೊಂಡರು, ಯಾರು ಯಾರಿಗೆ ಕಾಫಿ ತಂದುಕೊಟ್ಟರು ಎಂಬುದು ಸಾಹಿತ್ಯಕ್ಕೆ ಸೇರಿದ ವಿಷಯ.

ತಪ್ಪು ಕಾಣದಂತಾಗಲು ಭಾಷೆಯೂ ಕಾರಣ. ಬಾಹ್ಯಾಕಾಶದ ಸುದ್ದಿಯಲ್ಲಿ ಕರ್ತೃ ಯಾವಾಗಲೂ ನೌಕೆ. ನೌಕೆ ಎಚ್ಚರಗೊಂಡಿತು, ಹೋರಾಡಿತು, ಮನೆಗೆ ಮಾತಾಡಿತು. ಸಂಸ್ಥೆಗಳ ಸಾಮಾಜಿಕ ಜಾಲತಾಣದಲ್ಲಂತೂ ನೌಕೆಗಳು 'ನಾನು' ಎಂದೇ ಮಾತಾಡುತ್ತವೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ಇಸ್ರೋ ಬರೆದದ್ದೂ ನೌಕೆಯ ಬಾಯಲ್ಲೇ. ಅದನ್ನು ಓದಿ ನನಗೂ ಕಣ್ಣು ತೇವವಾಗಿತ್ತು, ಸುಳ್ಳು ಹೇಳಲಾರೆ. ಆದರೆ ಅವತ್ತು ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಕುಳಿತಿದ್ದವರು ಆ 'ನಾನು'ವಿನಲ್ಲಿ ಎಲ್ಲಿದ್ದಾರೆ? ಆರು ತಿಂಗಳಿಗೆಂದು ಕಳಿಸಿದ ಮಂಗಳಯಾನವನ್ನು ಅದೇ ಊರಿನಿಂದ 2014ರಿಂದ 2022ರವರೆಗೆ ನೋಡಿಕೊಂಡರು. ಹೊರಟ ದಿನ, ತಲುಪಿದ ದಿನ ಎಲ್ಲರಿಗೂ ನೆನಪಿದೆ. ಉಳಿದ ಏಳೂವರೆ ವರ್ಷ?

ಈ ವಿಷಯದಲ್ಲಿ ಕನ್ನಡಕ್ಕೆ ಒಂದು ಅನುಕೂಲ ಇದೆ, ನಾವು ಅದನ್ನು ಬಳಸುತ್ತಿಲ್ಲ. 'ಉಪಕರಣವನ್ನು ಸ್ಥಗಿತಗೊಳಿಸಲಾಯಿತು' ಎಂದು ನಮ್ಮ ಪತ್ರಿಕೆಗಳು ಬರೆಯುತ್ತವೆ. ಇಂಗ್ಲಿಷಿನಿಂದ ಇಳಿದುಬಂದ ಈ ವಾಕ್ಯದಲ್ಲಿ ಯಾರೂ ಇಲ್ಲ. ನಾನೂ ಮೇಲೆ ಒಂದು ಕಡೆ 'ಹೇಳಿಕೊಡಲಾಗಿತ್ತು' ಎಂದು ಬರೆದಿದ್ದೇನೆ, ಹುಡುಕಿದರೆ ಸಿಗುತ್ತದೆ. ಅಭ್ಯಾಸ ಅಷ್ಟು ಆಳಕ್ಕೆ ಹೋಗಿದೆ. ಮಾತಾಡುವಾಗ ನಾವು 'ಆರಿಸಿದರು' ಎನ್ನುತ್ತೇವೆ. ಕರ್ತೃಪದ ಇಲ್ಲದಿದ್ದರೂ ಆ 'ಅರು' ಎಂಬ ತುದಿಯಲ್ಲಿ ಜನ ಇದ್ದಾರೆ, ಗೌರವವೂ ಇದೆ. ಆರಿಸಿದರು, ಕಾದರು, ತಪ್ಪಿದರು, ತಿದ್ದಿದರು. ಈ ಕೆಲಸದ ಸ್ವಭಾವಕ್ಕೆ ಇದಕ್ಕಿಂತ ಹೊಂದುವ ವ್ಯಾಕರಣ ಇನ್ನೊಂದಿರಲಾರದು.

ಮತ್ತೆ ಆ ಫೋಟೋಕ್ಕೆ ಬರುತ್ತೇನೆ. ಅದರ ಹಿಂದಿನ ಐದು ತಿಂಗಳು ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ತೀರಾ ಪರಿಚಿತ ಅನ್ನಿಸಬೇಕು. 2023ರ ನವೆಂಬರ್ 14ರಿಂದ ವಾಯೇಜರ್-1 ಕಳಿಸುತ್ತಿದ್ದುದು ಒಂದೇ ಮಾದರಿಯ ಸೊನ್ನೆ-ಒಂದುಗಳು. 2024ರ ಮಾರ್ಚ್ 1ರಂದು ದತ್ತಾಂಶ ಹೊಂದಿಸುವ ಕಂಪ್ಯೂಟರನ್ನು ಸುಮ್ಮನೆ ಒಮ್ಮೆ ತಿವಿದರು, ಬೇರೆ ಬೇರೆ ದಾರಿ ಹಿಡಿದು ನೋಡು ಎಂದರು. 3ರಂದು ಬಂದ ಉತ್ತರ ಎಂದಿನ ರೂಪದಲ್ಲಿರಲಿಲ್ಲ, ಹಾಗಂತ ಹಳೆಯ ಬಡಬಡಿಕೆಯೂ ಆಗಿರಲಿಲ್ಲ. ಆಂಟೆನಾ ಜಾಲದ ಒಬ್ಬ ಎಂಜಿನಿಯರು ಅದನ್ನು ಬಿಡಿಸಿದಾಗ ಗೊತ್ತಾಯಿತು, ನೌಕೆ ಆ ಕಂಪ್ಯೂಟರಿನ ಇಡೀ ನೆನಪನ್ನೇ ಓದಿ ಹೇಳಿತ್ತು. ತೊಂದರೆಗೆ ಮೊದಲಿನ ಪ್ರತಿಯೊಂದಿಗೆ ಅದನ್ನಿಟ್ಟು ಪಾಠಭೇದ ನೋಡಿದರು. ಸುಮಾರು ಶೇಕಡಾ 3ರಷ್ಟು ನೆನಪು ಹಾಳಾಗಿತ್ತು. ಒಂದು ಚಿಪ್ ಕೆಟ್ಟಿತ್ತು. ಗೆದ್ದಲು ತಿಂದ ಗರಿ.

ಅಲ್ಲಿದ್ದ ಸಾಲುಗಳನ್ನು ಬೇರೆಡೆ ಬರೆಯೋಣ ಎಂದರೆ ಅಷ್ಟು ದೊಡ್ಡ ಖಾಲಿ ಜಾಗ ಒಂದು ಕಡೆ ಎಲ್ಲೂ ಇರಲಿಲ್ಲ. ಪಠ್ಯವನ್ನು ತುಂಡು ಮಾಡಿದರು. ಒಂದು ತುಂಡು ಈ ಅಂಚಿಗೆ, ಇನ್ನೊಂದು ಆ ಅಂಚಿಗೆ. ಎಲ್ಲ ತುಂಡುಗಳೂ ಒಂದಕ್ಕೊಂದು ಸರಿಯಾಗಿ ಕರೆಯುವಂತೆ, ಬೇರೆ ಕಡೆಯ ಸಾಲುಗಳು ಹಳೆಯ ಜಾಗವನ್ನೇ ಹುಡುಕಿಕೊಂಡು ಹೋಗದಂತೆ ಎಲ್ಲ ಸೂಚನೆಗಳನ್ನೂ ತಿದ್ದಿದರು. ಓದುತ್ತಿರುವ ಗ್ರಂಥವನ್ನೇ ಓದು ನಿಲ್ಲಿಸದೆ ಮರುಕಟ್ಟು ಹಾಕಿದ ಹಾಗೆ. ಏಪ್ರಿಲ್ 18ರಂದು ಮೊದಲ ತುಂಡನ್ನು ಕಳಿಸಿದರು.

ಇದರಲ್ಲಿ ಮುಸ್ಸಂಜೆ ಎಲ್ಲಿದೆ? ಮಿಯೋಸಿ ಚಿತ್ರವನ್ನು ಈಗ ನೋಡುವವರಿಗೆ ಅದರ ವಿಷಾದ ಸ್ವಲ್ಪ ಅವಸರದ್ದು ಅನ್ನಿಸುವುದು ಇದಕ್ಕೇ. ಹಾಗಿದ್ದೂ, ಎರಡರಲ್ಲಿ ಒಂದನ್ನು ಮಾತ್ರ ನೋಡಲು ಸಮಯವಿದ್ದರೆ ಎರಡನೆಯದನ್ನೇ ನೋಡಿ ಎನ್ನುತ್ತೇನೆ. 'ದ ಫಾರ್ದೆಸ್ಟ್' ಹೆಚ್ಚು ಸೊಗಸಾದ ಚಿತ್ರ. ಆದರೆ ಅದು ಕೊಡುವ ಬೆರಗು ಬೇರೆ ಕಡೆಯೂ ಸಿಗುತ್ತದೆ. ದಿನಾ ಬೆಳಗ್ಗೆ ಬಂದು ಕುರ್ಚಿಯಲ್ಲಿ ಕುಳಿತು ಸಂಖ್ಯೆಗಳ ಸಾಲು ನೋಡುವ ಮುಖವನ್ನು ತೋರಿಸುವ ಧೈರ್ಯ ಇನ್ನೊಂದಕ್ಕೆ ಇದೆ, ತನ್ನ ವಿಷಾದದ ನಡುವೆಯೂ.

ಚಿತ್ರ ಮುಗಿದ ಮೇಲೂ ಆರಿಸುವ ಕೆಲಸ ನಡೆದೇ ಇದೆ. 2025ರ ಫೆಬ್ರವರಿ 25ರಂದು ವಾಯೇಜರ್-1ರಲ್ಲಿ ಕಾಸ್ಮಿಕ್ ಕಿರಣಗಳನ್ನು ಅಳೆಯುವ ಉಪಕರಣವನ್ನು ಆರಿಸಿದರು, ಮಾರ್ಚ್ 24ರಂದು ವಾಯೇಜರ್-2ರಲ್ಲಿ ಇನ್ನೊಂದನ್ನು. ಇವೆರಡರ ನಡುವೆ ಒಂದನ್ನು ಹೊತ್ತಿಸಿದರು ಕೂಡ. ವಾಯೇಜರ್-1ನ್ನು ಹೊರಳಿಸುವ ಮುಖ್ಯ ನಳಿಗೆಗಳು 2004ರಿಂದ ಸತ್ತಿದ್ದವು. ಅವುಗಳ ಹೀಟರುಗಳು ಕೆಲಸ ಮಾಡದಾಗ, ಸರಿಪಡಿಸಲಾಗದು ಎಂದು ಆಗಿನವರು ತೀರ್ಮಾನಿಸಿ ಬದಲಿಗೆ ಹೋಗಿದ್ದರು. ಈಗ ಬದಲಿ ನಳಿಗೆಗಳೂ ಕಟ್ಟಿಕೊಳ್ಳುತ್ತಿದ್ದವು. ಮೇ ತಿಂಗಳಿಂದ ಕ್ಯಾನ್‌ಬೆರಾದ ಆಂಟೆನಾ ಮತ್ತೆ ರಿಪೇರಿಗೆ ಹೋಗುವುದಿತ್ತು. ಈಗಿನವರು ಆ ಹಳೆಯ ತೀರ್ಮಾನವನ್ನು ಮತ್ತೆ ಓದಿದರು. ಹೀಟರು ಸತ್ತಿರಲಿಕ್ಕಿಲ್ಲ, ಎಲ್ಲೋ ಒಂದು ಸ್ವಿಚ್ಚು ತಪ್ಪು ಸ್ಥಾನಕ್ಕೆ ಬಿದ್ದಿರಬಹುದು ಎಂದು ಒಂದು ಊಹೆ ಬಂತು. ಅದನ್ನು ಪರೀಕ್ಷಿಸಲು ಹೋಗಿ ನಕ್ಷತ್ರ ನೋಡುವ ಕಣ್ಣು ದಾರಿ ತಪ್ಪಿದರೆ, ಹೀಟರು ಬಿಸಿಯಾಗುವ ಮೊದಲೇ ನಳಿಗೆ ಉರಿದು ಸಣ್ಣದೊಂದು ಸ್ಫೋಟವೂ ಆಗಬಹುದಿತ್ತು. ಆದರೂ ಆಜ್ಞೆ ಕಳಿಸಿದರು. ಮಾರ್ಚ್ 20ರಂದು ಉತ್ತರಕ್ಕೆ ಕಾಯುತ್ತಾ ಕುಳಿತರು. ಅಲ್ಲಿ ಆಗಬೇಕಾದದ್ದು ಆಗಿ ಆಗಲೇ ಇಪ್ಪತ್ತಮೂರು ಗಂಟೆ ಕಳೆದಿತ್ತು. ಸಂಖ್ಯೆಗಳು ಬರತೊಡಗಿದವು. ಇಪ್ಪತ್ತು ನಿಮಿಷದೊಳಗೆ ಹೀಟರಿನ ತಾಪಮಾನ ಏರುತ್ತಿರುವುದನ್ನು ಕಂಡರು.